ಪ್ರಸಾದದ ಪಂಕ್ತಿಯಲ್ಲಿ ಪಥ್ಯದ ಮಗು

ಜಾತ್ರೆ, ದಾಸೋಹ, ಮಠದರ್ಶನಗಳು ನಮ್ಮ ಕುಟುಂಬಗಳಿಗೆ ವರ್ಷದ ಸಂಭ್ರಮಗಳು. ಶೇಂಗಾ, ಎಳ್ಳು, ಗೋಡಂಬಿ ಅಥವಾ ಹಾಲು ಒಗ್ಗದ ಮಗುವಿರುವ ಮನೆಗೆ ಈ ಸಂಭ್ರಮವೇ ಆತಂಕವಾಗುತ್ತದೆ. ಪಂಕ್ತಿಯಲ್ಲಿ ತಾಯಿಯು ಮಗುವಿನ ಎಲೆಗೆ ಕೈ ಅಡ್ಡ ಹಿಡಿದರೆ, “ಪ್ರಸಾದ ಬೇಡವೆನ್ನಬಾರದು ತಂಗಿ, ಒಂದು ತುತ್ತಿನಿಂದ ಏನಾದೀತು?” ಎನ್ನುವ ಹಿರಿಯರುಂಟು. ಆ ಮಾತಿನಲ್ಲಿ ಭಕ್ತಿಯಿದೆ, ಅಪಾಯವೂ ಇದೆ.

ಇದು ಅಜೀರ್ಣವಲ್ಲ, ಮಗುವಿನ ಹಟವೂ ಅಲ್ಲ. ದೇಹದ ರಕ್ಷಣಾಶಕ್ತಿಯು ಆಹಾರದ ಸಸಾರಜನಕವನ್ನು ಶತ್ರುವೆಂದು ಭ್ರಮಿಸಿ ಕೆರಳುವುದೇ ಅಲರ್ಜಿ. ಅದು ತೀವ್ರವಾದಾಗ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ 2 ಗಂಟೆಗಳೊಳಗೆ ದದ್ದು, ತುಟಿ-ನಾಲಿಗೆಗಳ ಊತ, ವಾಂತಿ, ಉಬ್ಬಸ, ಮೂರ್ಛೆಗಳು ತೋರಬಹುದು, ಪ್ರಾಣಕ್ಕೂ ಎರವಾಗಬಹುದು. ಕೆಲವು ಮಕ್ಕಳಿಗೆ ಶೇಂಗಾ ಚಟ್ನಿಪುಡಿಯ ಚಮಚವನ್ನು ಅನ್ನಕ್ಕೆ ತಾಗಿಸಿದರೂ ಸಾಕು.

ಪ್ರಸಾದವು ಅಷ್ಟಾವರಣಗಳಲ್ಲೊಂದು. ಪದಾರ್ಥವು ಲಿಂಗಾರ್ಪಿತವಾದಾಗ ಪ್ರಸಾದವಾಗುತ್ತದೆಯೆಂಬುದು ಶರಣರ ನಿಲುವು. ಎಂದ ಮೇಲೆ ಪ್ರಸಾದತ್ವವಿರುವುದು ಅರ್ಪಣೆಯಲ್ಲಿ. ಶೇಂಗಾ ಹೋಳಿಗೆಯಲ್ಲಿಯೇ ಅಲ್ಲ. ತಾಯಿಯು ಮನೆಯಿಂದ ತಂದ ಅನ್ನ-ಬೇಳೆಯನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಉಣಿಸಿದರೆ ಅದೂ ಪ್ರಸಾದವೇ. ಅರ್ಪಣೆಯಿಂದ ಉಣ್ಣುವವನ ಭಾವ ಶುದ್ಧವಾದೀತು. ಕಾಳಿನ ಗುಣ ಬದಲಾಗದು. ಕಾಯವನ್ನು ಗುಡಿಯೆಂದು ಕಂಡ ಪರಂಪರೆಯಲ್ಲಿ ಮಗುವಿನ ಕಾಯಕ್ಕೆ ಕೇಡು ತರುವ ಒತ್ತಾಯವು ಭಕ್ತಿಯೆನಿಸದು.

ಹೊರಡುವ ಮುನ್ನ ಕೆಲವು ಸಿದ್ಧತೆಗಳು ಅಗತ್ಯ. ಮಗುವಿನ ಬುತ್ತಿ, ತಟ್ಟೆ, ಚಮಚಗಳು ಪ್ರತ್ಯೇಕವಾಗಿರಲಿ. ಗಾಣದ ಶೇಂಗಾ ಎಣ್ಣೆಯಲ್ಲಿ ಕಾಳಿನ ಅಂಶ ಉಳಿದಿರುವುದರಿಂದ, ಪಲ್ಯಕ್ಕೆ ಯಾವ ಎಣ್ಣೆಯೆಂದು ಕೇಳಲು ಸಂಕೋಚ ಬೇಡ. ಪೊಟ್ಟಣದ ತಿಂಡಿಯಾದರೆ ಲೇಬಲ್ ಓದಿರಿ. 2020ರ ನಿಯಮಾವಳಿಯು ಶೇಂಗಾ, ಹಾಲು, ಗೋಧಿ, ಸೋಯಾ ಮೊದಲಾದವನ್ನು ಲೇಬಲ್ಲಿನಲ್ಲಿ ತಿಳಿಸಬೇಕೆನ್ನುತ್ತದೆ. ಆ ಪಟ್ಟಿಯಲ್ಲಿ ಎಳ್ಳು ಸೇರಿಲ್ಲವೆಂಬುದು ನೆನಪಿರಲಿ. ಚೆನ್ನಬಸವಣ್ಣನವರ ಐಕ್ಯಸ್ಥಳವಾದ ಉಳವಿಯಂತಹ ಅಡವಿಯ ಕ್ಷೇತ್ರಕ್ಕೆ ಹೋಗುವಾಗ ಸಮೀಪದ ಆಸ್ಪತ್ರೆ ಎಲ್ಲಿದೆಯೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ತೀವ್ರ ಅಲರ್ಜಿಗೆ ಮೊದಲ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ಮಾತ್ರೆ, ಸಿರಪ್‌ಗಳು ಅದರ ಸ್ಥಾನ ತುಂಬಲಾರವು. ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡು, ತೊಡೆಯ ಹೊರಭಾಗದ ನಡುವೆ ಚುಚ್ಚುವ ವಿಧಾನವನ್ನು ಅವರಿಂದಲೇ ಕಲಿಯಬೇಕು. ಎರಡು ಬಾರಿಗೆ ಸಾಲುವಷ್ಟು ಮದ್ದು ಕೈಚೀಲದಲ್ಲಿರಲಿ. ಬಸ್ಸಿನ ಮೇಲಿನ ಗಂಟಿನಲ್ಲಲ್ಲ, ಬಿಸಿಲಲ್ಲಿ ನಿಂತ ವಾಹನದಲ್ಲೂ ಅಲ್ಲ. ಚುಚ್ಚಿದ ಬಳಿಕ ಮಗುವನ್ನು ನಡೆಸದೆ ಮಲಗಿಸಿ. ಉಸಿರಾಟ ಕಷ್ಟವಾದರೆ ಕುಳ್ಳಿರಿಸಿ, 108ಕ್ಕೆ ಕರೆ ಮಾಡಿರಿ. ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಒಯ್ಯಲೇಬೇಕು, ಲಕ್ಷಣಗಳು ಮರುಕಳಿಸಬಹುದು.

ಮಠಗಳೂ ದಾಸೋಹ ಸಮಿತಿಗಳೂ ಮಾಡಬಹುದಾದ ಕೆಲಸ ಸಣ್ಣದು. ಯಾವ ಅಡುಗೆಯಲ್ಲಿ ಏನಿದೆಯೆಂದು ಒಂದು ಹಲಗೆಯಲ್ಲಿ ಬರೆದಿಡಲಿ. ಬಡಿಸುವವರು ತಾಯಿಯ “ಬೇಡ”ವನ್ನು ಮರುಮಾತಿಲ್ಲದೆ ಮನ್ನಿಸಲಿ. ತನ್ನ ಬುತ್ತಿಯೊಡನೆ ಬಂದ ಮಗುವಿಗೆ ಪಂಕ್ತಿಯ ನಡುವೆಯೇ ಒಂದು ಎಲೆಯ ಜಾಗವಿರಲಿ. ದಯೆಯಲ್ಲಿ ಧರ್ಮದ ಬೇರನ್ನು ಕಂಡವರ ದಾಸೋಹಕ್ಕೆ ಇದು ಭಾರವಾಗದು.