ಕಾಸಿಲ್ಲದೆ ಸಿಗುವ ಬಣ್ಣದ ಡಬ್ಬಿ

ನಾಮಕರಣ, ಸೀಮಂತ, ಗೃಹಪ್ರವೇಶ ಅಂತ ಪರಿಚಯದವರಿಗೆ ಮನೆಯಲ್ಲೇ ಕೂತು ಆಮಂತ್ರಣ ಪತ್ರಿಕೆ ಮಾಡಿಕೊಡೋದು ನನ್ನ ಹವ್ಯಾಸ. ತರಕಾರಿ ಖರ್ಚಿಗಾಗುವಷ್ಟು ಕಾಸೂ ಹುಟ್ಟುತ್ತೆ ಅನ್ನಿ. ಶುರುವಿನಲ್ಲಿ ಕಂಪ್ಯೂಟರ್ ರಿಪೇರಿಗೆ ಬಂದಾತ ದುಬಾರಿ ಸಾಫ್ಟ್‌ವೇರ್ ಒಂದರ ಕದ್ದ ಕಾಪಿ ಹಾಕಿಕೊಟ್ಟಿದ್ದ. 'ಎಲ್ರೂ ಇದನ್ನೇ ಬಳಸೋದು ಮೇಡಂ' ಅಂದ. ಎರಡೇ ತಿಂಗಳು! ವೈರಸ್ ಹೊಕ್ಕು ಮಗಳ ಮೊದಲ ಹುಟ್ಟುಹಬ್ಬದ ಫೋಟೋಗಳೂ ಸೇರಿ ಎಲ್ಲ ಹೋಯ್ತು. ಹಣ ಕೊಟ್ಟರೆ ಪತ್ರಿಕೆ ಇನ್ನೊಂದು ಮಾಡಬಹುದು, ಆ ಫೋಟೋ ಮತ್ತೆ ಬರುತ್ತಾ?

ಆಮೇಲೆ ನನ್ನ ಕೈ ಹಿಡಿದದ್ದು 'ಜಿಂಪ್'. ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರು ಮಾಡಿದ ಫೋಟೋ ತಿದ್ದುವ ತಂತ್ರಾಂಶ ಇದು. ಪೂರ್ತಿ ಉಚಿತ, ಜೊತೆಗೆ 'ಮುಕ್ತ'. ಮುಕ್ತ ಅಂದ್ರೆ? ಅಜ್ಜಿ ತನ್ನ ಸಾರಿನ ಪುಡಿಯ ಅಳತೆಯನ್ನು ಬೀದಿಗೆಲ್ಲ ಹೇಳಿಕೊಟ್ಟ ಹಾಗೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಇದರಲ್ಲಿ ಮಾಡಿದ ಪತ್ರಿಕೆಯನ್ನು ನೀವು ಮಾರಿದರೂ ಯಾರಿಗೂ ಕಾಸು ಕೊಡಬೇಕಿಲ್ಲ.

2025ರ ಮಾರ್ಚ್‌ನಲ್ಲಿ ಇದರ 3.0 ಆವೃತ್ತಿ ಬಂತು. ಹಿಂದಿನ ದೊಡ್ಡ ಆವೃತ್ತಿ ಬಂದದ್ದು 2018ರಲ್ಲಿ! ಕಾದದ್ದಕ್ಕೂ ಸಾರ್ಥಕವಾಯ್ತು. ಮೊದಲೆಲ್ಲ ಫೋಟೋಗೆ ನೆರಳೋ ಮಸುಕೋ ಹಾಕಿದರೆ ಅದು ಚಿತ್ರಕ್ಕೇ ಅಂಟಿಬಿಡುತ್ತಿತ್ತು, ಸಾರಿಗೆ ಬಿದ್ದ ಉಪ್ಪಿನ ಹಾಗೆ. ಈಗ ಅದು ಬೇರೆಯಾಗಿ ಉಳಿಯುತ್ತೆ. ವಾರ ಬಿಟ್ಟು 'ಸ್ವಲ್ಪ ಕಡಿಮೆ ಮಾಡಿ ಅಕ್ಕಾ' ಅಂತ ಗಿರಾಕಿ ಫೋನ್ ಮಾಡಿದರೂ ಮೊದಲಿಂದ ಶುರು ಮಾಡಬೇಕಿಲ್ಲ. ಅಕ್ಷರಗಳಿಗೆ ಹೊರಗೆರೆ ಹಾಕೋದೂ ಸುಲಭವಾಗಿದೆ.

ಉಚಿತದ್ದು ಕಳಪೆ ಅನ್ನೋರಿಗೆ ಒಂದು ಮಾತು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಆನಿಮೇಷನ್ ಚಿತ್ರ 'ಫ್ಲೋ' ತಯಾರಾದದ್ದು 'ಬ್ಲೆಂಡರ್' ಎಂಬ ಇಂಥದ್ದೇ ಉಚಿತ ತಂತ್ರಾಂಶದಲ್ಲಿ!

ಶುರು ಮಾಡುವ ಮುನ್ನ ಇಷ್ಟು ನೆನಪಿಡಿ:

* ಜಿಂಪ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಯಾರಾದರೂ ದುಡ್ಡು ಕೇಳಿದರೆ ಅನುಮಾನಿಸಿ.

* ವಿಂಡೋಸ್ ಬಳಸುವವರಿಗೆ ವಿಂಡೋಸ್ 10 ಅಥವಾ ನಂತರದ್ದು ಬೇಕು.

* ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. 'ಬಾಲೂ ತಮ್ಮ', 'ನೋಟೋ ಸಾನ್ಸ್ ಕನ್ನಡ' ಫಾಂಟ್‌ಗಳೂ ಉಚಿತ.

* ಕೆಲಸದ ಪ್ರತಿಯನ್ನು ಜಿಂಪ್‌ನದೇ 'ಎಕ್ಸ್‌ಸಿಎಫ್' ರೂಪದಲ್ಲಿ ಉಳಿಸಿ. ವಾಟ್ಸ್ಆ್ಯಪ್‌ಗೆ ಜೆಪಿಜಿ ಪ್ರತಿ ಬೇರೆ ತೆಗೆಯಿರಿ.

* ಪರದೆಯ ಬಣ್ಣ ಕಾಗದದಲ್ಲಿ ಹಾಗೇ ಬರೋದಿಲ್ಲ. ಒಂದೇ ಪ್ರತಿ ಮುದ್ರಿಸಿ ನೋಡಿ, ಆಮೇಲೆ ನೂರಕ್ಕೆ ಹೇಳಿ.

* ರಂಗೋಲಿ, ಲೋಗೋಗಳಿಗೆ 'ಇಂಕ್‌ಸ್ಕೇಪ್' ಒಳ್ಳೆಯದು. ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯೋದಿಲ್ಲ.

ಮೊದಮೊದಲು ಕೈ ತಡವರಿಸುತ್ತೆ, ನಿಜ. ದಿನಕ್ಕೆ ಅರ್ಧ ಗಂಟೆ, ಮಧ್ಯಾಹ್ನದ ಸೀರಿಯಲ್ ಹೊತ್ತಿನಲ್ಲಿ ಕೂತು ನೋಡಿ. ಹಾಂ, ಕೂರುವ ಮುನ್ನ ಮಕ್ಕಳ ಫೋಟೋಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಡಿ. ನನಗಾದದ್ದು ನಿಮಗಾಗೋದು ಬೇಡ!