ಆಂಟಿಬಯೋಟಿಕ್ ಸೇವಿಸುವಾಗ ಇನ್‌ಹೇಲರ್ ನಿಲ್ಲಿಸಬೇಕೆ?

ಚಿಕ್ಕಬಳ್ಳಾಪುರದ ಸ್ಕಂದಗಿರಿ ಸುಮಾರು 1,450 ಮೀಟರ್ ಎತ್ತರದ ಬೆಟ್ಟ. ಮೋಡಗಳ ಮೇಲೆ ಸೂರ್ಯೋದಯ ನೋಡಲು ಜನರು ನಸುಕಿನಲ್ಲೇ ಹತ್ತುತ್ತಾರೆ. ಕರಾವಳಿಯ ಸೆಕೆಗೆ ಒಗ್ಗಿದ ನಮಗೆ ಅಲ್ಲಿನ ಚಳಿಗಾಳಿಯೂ ಕಡಿದಾದ ದಾರಿಯೂ ಹೊಸತು. ಆಸ್ತಮಾ ಇರುವವರಲ್ಲಿ ಇವೆರಡೂ ಉಬ್ಬಸವನ್ನು ಕೆರಳಿಸಬಲ್ಲವು. ಹೊರಡುವ ವಾರವೇ ಕೆಮ್ಮು, ಕಫಕ್ಕೆಂದು ಆಂಟಿಬಯೋಟಿಕ್ ಆರಂಭವಾಗಿದ್ದರೆ, "ಎರಡು ಔಷಧ ಒಟ್ಟಿಗೆ ಬೇಡ" ಎಂದು ಇನ್‌ಹೇಲರನ್ನು ಮನೆಯಲ್ಲೇ ಬಿಡುವವರಿದ್ದಾರೆ. ಇದು ಅಪಾಯದ ತಪ್ಪು.

ಇವೆರಡರ ಕೆಲಸ ಬೇರೆ ಬೇರೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕುಗ್ಗಿದ ಶ್ವಾಸನಾಳವನ್ನು ಅದು ಬಿಡಿಸುವುದಿಲ್ಲ. ಆ ಕೆಲಸ ಇನ್‌ಹೇಲರಿನದು. ಸೋಂಕಿನ ದಿನಗಳಲ್ಲೇ ಉಬ್ಬಸ ಹೆಚ್ಚುವುದರಿಂದ ಇನ್‌ಹೇಲರ್ ಆಗಲೇ ಹೆಚ್ಚು ಅಗತ್ಯ. ಅಮಾಕ್ಸಿಸಿಲಿನ್‌ನೊಂದಿಗೆ ಸಾಲ್ಬುಟಮಾಲ್ ಇನ್‌ಹೇಲರ್ ಬಳಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ.

ಆದರೆ ಕೆಲವು ಜೋಡಿಗಳ ಬಗ್ಗೆ ಎಚ್ಚರ ಬೇಕು. ಡೆರಿಫಿಲಿನ್ ಮುಂತಾದ ಥಿಯೋಫಿಲಿನ್ ಇರುವ ಮಾತ್ರೆ ಸೇವಿಸುವವರಿಗೆ ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಕೊಟ್ಟರೆ ರಕ್ತದಲ್ಲಿ ಥಿಯೋಫಿಲಿನ್ ಏರಿ ವಾಂತಿ, ಎದೆಬಡಿತ, ಫಿಟ್ಸ್ ಬರಬಹುದು. ಕ್ಲಾರಿಥ್ರೊಮೈಸಿನ್ ಕೆಲವು ಸ್ಟೀರಾಯ್ಡ್ ಇನ್‌ಹೇಲರುಗಳ ಪ್ರಭಾವವನ್ನೂ ಹೆಚ್ಚಿಸುತ್ತದೆ. ಹೃದಯದ ಲಯದ ತೊಂದರೆ ಇರುವವರು ಅಜಿಥ್ರೊಮೈಸಿನ್ ಸೇವಿಸುವ ಮುನ್ನ ವೈದ್ಯರಿಗೆ ತಿಳಿಸಬೇಕು. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ಇನ್‌ಹೇಲರನ್ನೂ ಮಾತ್ರೆಗಳನ್ನೂ ಕೈಯಲ್ಲೇ ಒಯ್ದು ತೋರಿಸುವುದು ಒಳ್ಳೆಯದು.

ಸ್ಟೀರಾಯ್ಡ್ ಇನ್‌ಹೇಲರ್, ಆಂಟಿಬಯೋಟಿಕ್ ಎರಡೂ ಬಾಯಿಯಲ್ಲಿ ಬಿಳಿ ಅಗ್ರವನ್ನು ತರಬಲ್ಲವು. ಪ್ರತಿ ಸಲ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಆಂಟಿಬಯೋಟಿಕ್ ನುಂಗಿದ ಮೇಲೆ ಮೈಯಲ್ಲಿ ದದ್ದು, ಮುಖದ ಊತ, ಉಸಿರುಕಟ್ಟುವಿಕೆ ಕಂಡರೆ ಅದು ಅಲರ್ಜಿ. ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು. ನೆಗಡಿಯಿಂದ ಕೆರಳುವ ಉಬ್ಬಸಕ್ಕೆ ಹೆಚ್ಚಾಗಿ ವೈರಸ್ ಕಾರಣ. ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗುವುದು, ಹಳೆಯ ಚೀಟಿಯನ್ನೇ ಮತ್ತೆ ತೋರಿಸುವುದು ಸಲ್ಲದು.

ಜ್ವರ, ಉಬ್ಬಸ ಇರುವಾಗ ಬೆಟ್ಟ ಹತ್ತುವುದನ್ನು ಮುಂದೂಡುವುದೇ ಲೇಸು. ಗುಣವಾದ ಮೇಲೆ ಹೋಗುವಾಗಲೂ ಇನ್‌ಹೇಲರ್ ಬಸ್ಸಿನಲ್ಲಿರುವ ಚೀಲದಲ್ಲಲ್ಲ, ನಮ್ಮ ಜೇಬಿನಲ್ಲಿರಲಿ. ಜೊತೆಯವರಿಗೂ ಅದು ಗೊತ್ತಿರಲಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಇನ್‌ಹೇಲರ್ ಎಳೆದರೂ ಉಸಿರು ಹಗುರವಾಗದಿದ್ದರೆ ರೋಗಿಯನ್ನು ನೇರ ಕೂರಿಸಿ 108ಕ್ಕೆ ಕರೆ ಮಾಡಬೇಕು. ಬೆಟ್ಟದ ತುದಿಯಿಂದ ಆಸ್ಪತ್ರೆ ದೂರವಿದೆ ಎಂಬುದನ್ನು ಯುವಜನರ ತಂಡಗಳನ್ನು ಕರೆದೊಯ್ಯುವ ನಾವು ಮರೆಯಬಾರದು.