ಕಟ್ಟಿದವರೇ ಹೊರನಡೆದಾಗ

ಸಂಸ್ಥೆಯನ್ನು ಕಟ್ಟುವುದು ಕಷ್ಟ. ಕಟ್ಟಿದ್ದನ್ನು ಬಿಟ್ಟು ಹೊರಡುವುದು ಇನ್ನೂ ಕಷ್ಟ. ಅಮೆರಿಕದ ಜಿಮ್ ಕ್ಲಾರ್ಕ್ ಅವರ ಜೀವನವನ್ನು ನೋಡಿದಾಗಲೆಲ್ಲ ನನಗೆ ಹೀಗೆನ್ನಿಸುತ್ತದೆ.

ಟೆಕ್ಸಾಸಿನಲ್ಲಿ 1944ರಲ್ಲಿ ಬಡತನದಲ್ಲಿ ಹುಟ್ಟಿದ ಅವರು ಪ್ರೌಢಶಾಲೆಯನ್ನು ಪೂರೈಸದೆಯೇ ನೌಕಾಪಡೆಯನ್ನು ಸೇರಿದರು. 1974ರ ವೇಳೆಗೆ ಡಾಕ್ಟರೇಟ್ ಪದವೀಧರರಾಗಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ ಅಧ್ಯಾಪಕರಾಗಿದ್ದಾಗ, ಮೂರು ಆಯಾಮದ ಚಿತ್ರಗಳನ್ನು ಕ್ಷಿಪ್ರವಾಗಿ ಮೂಡಿಸಲು ನೆರವಾಗುವ ಚಿಪ್ಪೊಂದನ್ನು ರೂಪಿಸಿದರು. ಅದರ ಬಲದಿಂದ 1982ರಲ್ಲಿ ಹುಟ್ಟಿದ್ದು ಸಿಲಿಕಾನ್ ಗ್ರಾಫಿಕ್ಸ್. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಡೈನೋಸಾರ್‌ಗಳು ಜೀವ ತಳೆದದ್ದು ಆ ಸಂಸ್ಥೆಯ ಕಂಪ್ಯೂಟರ್‌ಗಳಲ್ಲಿ.

ಯಂತ್ರಗಳು ಅಗ್ಗವಾಗದಿದ್ದರೆ ಉಳಿಗಾಲವಿಲ್ಲವೆಂದು ಕ್ಲಾರ್ಕ್ ವಾದಿಸಿದರು, ಆಡಳಿತ ಒಪ್ಪಲಿಲ್ಲ. ಹೊರಗಿನ ಬಂಡವಾಳ ಬಂದಂತೆಲ್ಲ ಸ್ಥಾಪಕರ ಪಾಲು ಕುಗ್ಗಿ, ಅವರ ಮಾತಿಗೂ ತೂಕ ಕಡಿಮೆಯಾಗಿತ್ತು. 1994ರಲ್ಲಿ ಅವರು ಹೊರನಡೆದು, ಮಾರ್ಕ್ ಆಂಡ್ರೀಸನ್ ಎಂಬ ಇಪ್ಪತ್ತೆರಡರ ತರುಣನೊಡನೆ ನೆಟ್‌ಸ್ಕೇಪ್ ಕಟ್ಟಿದರು. ಈ ಸಲ ಮೊದಲ ಬಂಡವಾಳ ಅವರದೇ. 1995ರ ಆಗಸ್ಟ್ 9ರಂದು 28 ಡಾಲರಿಗೆ ಬಿಡುಗಡೆಯಾದ ಅದರ ಷೇರು ಸಂಜೆಗೆ 58 ಡಾಲರನ್ನು ದಾಟಿತ್ತು. ಆ ವೇಳೆಗಾಗಲೇ ಅವರ ಮನಸ್ಸು ವೈದ್ಯಕೀಯ ಲೆಕ್ಕಪತ್ರಗಳತ್ತ ಹೊರಳುತ್ತಿತ್ತು. 1996ರಲ್ಲಿ ಹೆಲ್ದಿಯಾನ್ ಬಂತು.

ನೆಟ್‌ಸ್ಕೇಪ್ 1999ರಲ್ಲಿ ಪರರ ಪಾಲಾಯಿತು. ಸಿಲಿಕಾನ್ ಗ್ರಾಫಿಕ್ಸ್ 2009ರಲ್ಲಿ ದಿವಾಳಿಯೆದ್ದು ಮಾರಾಟವಾಯಿತು. ಹೊರಟವರು ಮುಂಗಂಡದ್ದು ನಿಜವಾಯಿತು. ಆದರೆ ಉಳಿದು ದುಡಿದವರ ನಷ್ಟವನ್ನು ಆ ದೂರದೃಷ್ಟಿ ತುಂಬಿಕೊಡಲಿಲ್ಲ.